ಕಾಸರಗೋಡಿನಲ್ಲಿ ಮನೆ ಕಟ್ಟುವ ಮುನ್ನ: ತೀರ್ವೆ ರಶೀದಿಯಿಂದ ಕಟ್ಟಡ ಸಂಖ್ಯೆಯವರೆಗೆ

ನಮ್ಮ ಕಡೆ ಮನೆ ಕಟ್ಟಲು ಹೊರಟವರು ಮೊದಲು ಆಯ ನೋಡಿಸುತ್ತಾರೆ, ಅನಂತರ ಎಂಜಿನಿಯರರಲ್ಲಿ ನಕ್ಷೆ ಬರೆಸುತ್ತಾರೆ, ಬಾವಿಗೆ ಜಾಗ ಗುರುತಿಸುತ್ತಾರೆ, ಕೆಂಪುಕಲ್ಲಿನ ದರ ವಿಚಾರಿಸುತ್ತಾರೆ, ಇಷ್ಟೆಲ್ಲ ಆದ ಮೇಲೆ ಪಂಚಾಯತಿನ ಪರ್ಮಿಟ್ಟಿಗೆ ಅರ್ಜಿ ಹಾಕುತ್ತಾರೆ. ಈ ಅನುಕ್ರಮ ತಿರುವುಮುರುವಾದದ್ದು. ಪರ್ಮಿಟ್ ಸಿಗದೆ ನಿಂತುಹೋದ ಅರ್ಜಿಗಳಲ್ಲಿ ನಾನು ಹತ್ತಿರದಿಂದ ನೋಡಿದವುಗಳ ಪೈಕಿ ಹೆಚ್ಚಿನವು ನಕ್ಷೆಯ ತಪ್ಪಿನಿಂದ ನಿಂತವಲ್ಲ. ಜಾಗವು ಕಂದಾಯ ದಾಖಲೆಯಲ್ಲಿ ಯಾವ ಹೆಸರಿನಿಂದ ಬರೆಯಲ್ಪಟ್ಟಿದೆ ಎಂಬುದನ್ನು ಯಾರೂ ಮೊದಲೇ ನೋಡದೆ ಇದ್ದುದರಿಂದ ನಿಂತವು. ಆದ್ದರಿಂದ ಈ ಮಾರ್ಗದರ್ಶಿಯು ನಕ್ಷೆಯಿಂದಲ್ಲ, ವಿಲೇಜ್ ಆಫೀಸಿನಿಂದ ಆರಂಭವಾಗುತ್ತದೆ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ನಮ್ಮಲ್ಲಿ ಬಹಳ ಮಂದಿಗೆ ಪುತ್ತೂರು, ವಿಟ್ಲ, ಮಂಗಳೂರುಗಳಲ್ಲಿ ನೆಂಟರಿದ್ದಾರೆ, ಮತ್ತು ಅವರೆಲ್ಲರ ಬಳಿ ಸಲಹೆಗಳೂ ಇವೆ. ಆರ್‌ಟಿಸಿ ತೆಗೆಸಿ, ಕನ್ವರ್ಷನ್ ಮಾಡಿಸಿ, 9/11 ಮಾಡಿಸಿ ಎಂದು ಅವರು ಹೇಳುವುದು ಕರ್ನಾಟಕದ ಮಟ್ಟಿಗೆ ಸರಿಯಾದ ಮಾತೇ. ಆದರೆ 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಭೂದಾಖಲೆ, ಭೂಕಾನೂನು, ಕಟ್ಟಡ ನಿಯಮಗಳೆಲ್ಲ ಬೇರೆ ದಾರಿಯಲ್ಲಿ ಬೆಳೆದುಬಂದಿವೆ. ತಲಪಾಡಿ ಗೇಟಿನ ಆಚೆಯ ಕಾಗದಪತ್ರಗಳ ಹೆಸರು ಹೇಳಿದರೆ ಈಚೆಯ ಕಚೇರಿಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಯಾವ ನಿಯಮ, ಯಾವ ಕಚೇರಿ

ಜಿಲ್ಲೆಯಲ್ಲಿ ಕಾಸರಗೋಡು, ಕಾಞಂಗಾಡು, ನೀಲೇಶ್ವರ ಎಂಬ ಮೂರು ನಗರಸಭೆಗಳೂ 38 ಗ್ರಾಮ ಪಂಚಾಯತುಗಳೂ ಇವೆ. ನಗರಸಭೆಯ ವ್ಯಾಪ್ತಿಯಲ್ಲಿ ಕೇರಳ ಮುನಿಸಿಪಾಲಿಟಿ ಕಟ್ಟಡ ನಿಯಮಗಳು ಅನ್ವಯಿಸಿದರೆ ಪಂಚಾಯತಿನಲ್ಲಿ ಕೇರಳ ಪಂಚಾಯತ್ ಕಟ್ಟಡ ನಿಯಮಗಳು ಅನ್ವಯಿಸುತ್ತವೆ. ಈಗ ಜಾರಿಯಲ್ಲಿರುವ ಎರಡೂ 2019ರವು, ಅದೇ ವರ್ಷದ ನವೆಂಬರ್ 8ರಂದು ಬಂದವು, ಆಮೇಲೆ ಹಲವು ಬಾರಿ ತಿದ್ದುಪಡಿಯಾದವು. ಪರ್ಮಿಟ್ ಕೊಡುವ ಅಧಿಕಾರವಿರುವುದು ಸೆಕ್ರೆಟರಿಗೆ. ಅಧ್ಯಕ್ಷರಿಗಾಗಲಿ ವಾರ್ಡಿನ ಮೆಂಬರರಿಗಾಗಲಿ ಅಲ್ಲ. ಮೆಂಬರರನ್ನು ಕಂಡು ಹೇಳಿಸಿದರೆ ಕೆಲಸ ಬೇಗ ಆಗುತ್ತದೆಂಬ ನಂಬಿಕೆ ಇನ್ನೂ ಉಳಿದಿದೆಯಾದರೂ ಅರ್ಜಿ ಆನ್‌ಲೈನ್ ಆದ ಮೇಲೆ ಅದರ ಬಲ ಕುಗ್ಗಿದೆ.

ಎಲ್ಲ ಕೆಲಸಕ್ಕೂ ಪರ್ಮಿಟ್ ಬೇಡ. ಬಣ್ಣ ಬಳಿಯುವುದು, ಗಾರೆ ಮಾಡುವುದು, ನೆಲ ಹಾಸುವುದು, ಮಾಡಿನ ಹಂಚು ತೆಗೆದು ಪುನಃ ಹೊದೆಸುವುದು, ರಚನೆಗೆ ಕೈಹಾಕದ ಒಳಾಂಗಣ ಅಲಂಕಾರ ಇವನ್ನೆಲ್ಲ ಯಾರ ಅಪ್ಪಣೆಯೂ ಇಲ್ಲದೆ ಮಾಡಬಹುದು. ಹೊಸ ಕಟ್ಟಡ, ಇದ್ದ ಮನೆಗೆ ಕೋಣೆ ಸೇರಿಸುವುದು, ಮೇಲೆ ಮಾಳಿಗೆ ಎಬ್ಬಿಸುವುದು, ಬಾವಿ ತೋಡುವುದು, ಸಾರ್ವಜನಿಕ ರಸ್ತೆಗೆ ತಾಗಿ ಆವರಣಗೋಡೆ ಕಟ್ಟುವುದು, ವಾಸದ ಕಟ್ಟಡವನ್ನು ಅಂಗಡಿಯನ್ನಾಗಿ ಬದಲಿಸುವುದು ಇವಕ್ಕೆ ಅನುಮತಿ ಬೇಕು. ಜಾಗವನ್ನು ಸೈಟುಗಳಾಗಿ ಒಡೆದು ಮಾರುವವರು ಪಡೆಯಬೇಕಾದದ್ದು ಅಭಿವೃದ್ಧಿ ಪರ್ಮಿಟ್ ಎಂಬ ಬೇರೆಯೇ ಒಂದು ಅನುಮತಿ. ಅಂಥ ಸೈಟು ಕೊಳ್ಳುವವರು ಆ ಪರ್ಮಿಟ್ಟಿನ ಪ್ರತಿಯನ್ನೂ, ಒಟ್ಟು ಜಾಗ 500 ಚದರ ಮೀಟರ್ ಮೀರಿದ್ದರೆ ಕೆ-ರೇರಾ (ಕೇರಳ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯನ್ನೂ ಮುಂಗಡ ಕೊಡುವ ಮೊದಲೇ ಕೇಳಿ ನೋಡಬೇಕು.

ಮೊದಲ ಹೆಜ್ಜೆ: ಜಾಗದ ಜಾತಕ

ನಿಮ್ಮ ಕೈಯಲ್ಲಿರುವ ಆಧಾರವನ್ನು, ಅಂದರೆ ನೋಂದಾಯಿತ ದಸ್ತಾವೇಜನ್ನು, ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿಯ ಪಕ್ಕದಲ್ಲಿಟ್ಟು ಓದಿ. ಸರ್ವೆ ನಂಬರು, ಉಪವಿಭಾಗ, ವಿಸ್ತೀರ್ಣ, ಹೆಸರು ಇವು ನಾಲ್ಕೂ ಎರಡರಲ್ಲಿ ಒಂದೇ ಆಗಿರಬೇಕು. ವಿಸ್ತೀರ್ಣ ಹಳೆಯ ಆಧಾರದಲ್ಲಿ ಸೆಂಟಿನಲ್ಲಿದ್ದರೆ ರಶೀದಿಯಲ್ಲಿ ಆರ್ ಲೆಕ್ಕದಲ್ಲಿರುತ್ತದೆ. ಒಂದು ಸೆಂಟಿಗೆ 40.47 ಚದರ ಮೀಟರ್, ಒಂದು ಆರ್‌ಗೆ 100 ಚದರ ಮೀಟರ್ ಎಂದು ಹಿಡಿದು ತಾಳೆ ನೋಡಿ. ರೀಸರ್ವೆ ಆದ ಗ್ರಾಮಗಳಲ್ಲಿ ನಂಬರೇ ಬದಲಾಗಿರುವುದರಿಂದ ಹಳೆಯ ನಂಬರಿಗೆ ಹೊಸ ನಂಬರು ಯಾವುದು ಎಂಬುದನ್ನು ವಿಲೇಜ್ ಆಫೀಸಿನಿಂದ ಬರೆಯಿಸಿಕೊಳ್ಳಬೇಕು.

ಹೆಸರಿನ ವಿಷಯ ಕನ್ನಡಿಗರಿಗೆ ವಿಶೇಷ ತಲೆನೋವು. ಕನ್ನಡದ ಆಧಾರದಲ್ಲಿ ‘ಭಟ್ಟ’ ಎಂದಿರುವುದು ಆಧಾರ್ ಕಾರ್ಡಿನಲ್ಲಿ ‘ಭಟ್’ ಆಗಿ, ವಿಲೇಜ್ ಆಫೀಸಿನ ತಂಡಪ್ಪೇರು (ಭೂಮಾಲಿಕರ ಖಾತೆ) ದಾಖಲೆಯಲ್ಲಿ ಮಲಯಾಳಂ ಕಿವಿಗೆ ಕೇಳಿದಂತೆ ಇನ್ನೊಂದಾಗಿ ಕುಳಿತಿರುತ್ತದೆ. ಮನೆತನದ ಹೆಸರು ಒಂದರಲ್ಲಿ ಹಿಂದಿದ್ದರೆ ಇನ್ನೊಂದರಲ್ಲಿ ಮುಂದಿರುತ್ತದೆ. ಇದು ಅರ್ಜಿ ಹಾಕಿದ ಮೇಲೆ ಪತ್ತೆಯಾಗುವುದಕ್ಕಿಂತ ಮೊದಲೇ ಗೊತ್ತಾದರೆ, ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ವಿಲೇಜ್ ಆಫೀಸಿನಿಂದ ಪಡೆದು ಸರಿಪಡಿಸಿಕೊಳ್ಳಬಹುದು. ತೀರಿಹೋದ ತಂದೆಯ ಹೆಸರಿನಲ್ಲೇ ತೀರ್ವೆ ಕಟ್ಟುತ್ತಿರುವವರು ಪಾಲು ಅಥವಾ ಪೋಕುವರವು (ದಾಖಲೆಯಲ್ಲಿ ಹೆಸರು ವರ್ಗಾವಣೆ) ಮುಗಿಸದೆ ಪರ್ಮಿಟ್ಟಿನ ಮಾತೆತ್ತುವಂತಿಲ್ಲ.

ಇಷ್ಟರ ಬಳಿಕ ನೋಡಬೇಕಾದದ್ದು ರಶೀದಿಯಲ್ಲಿ ಜಾಗದ ತರಗತಿಯನ್ನು ಬರೆದಿರುವ ಒಂದೇ ಒಂದು ಪದ. ಮೂಲ ತೆರಿಗೆ ರಿಜಿಸ್ಟರು, ಎಲ್ಲರೂ ಬಿಟಿಆರ್ ಎನ್ನುವ ಪುಸ್ತಕ, ಪ್ರತಿಯೊಂದು ತುಂಡನ್ನೂ ಸ್ಥೂಲವಾಗಿ ಎರಡು ಬಗೆಯಾಗಿ ನೋಡುತ್ತದೆ: ಮಲಯಾಳಂನಲ್ಲಿ ‘ಪುರಯಿಡಂ’ ಎನ್ನುವ ಹಿತ್ತಿಲು ಅಥವಾ ಒಣಭೂಮಿ, ಮತ್ತು ‘ನಿಲಂ’ ಎನ್ನುವ, ನಾವು ನಂಜ ಎಂದು ಕರೆಯುವ ಗದ್ದೆಭೂಮಿ. ಮೊದಲನೆಯದಾಗಿದ್ದರೆ ಮುಂದಿನ ವಿಭಾಗವನ್ನು ಬಿಟ್ಟು ಓದಬಹುದು. ಎರಡನೆಯದಾಗಿದ್ದರೆ ನಕ್ಷೆ ಬರೆಸುವುದನ್ನು ನಿಲ್ಲಿಸಿ.

ಗದ್ದೆಯಲ್ಲದ ಗದ್ದೆ

ನನ್ನ ಸ್ವಂತ ಅನುಭವವನ್ನೇ ಹೇಳುತ್ತೇನೆ. ಅಜ್ಜನ ಕಾಲದ ಕನ್ನಡ ಆಧಾರದಲ್ಲಿ ನಮ್ಮ 22 ಸೆಂಟಿನ ತುಂಡಿಗೆ ‘ಮಜಲು ಗದ್ದೆ’ ಎಂದೂ, ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ಅಗಳು, ಅಂದರೆ ಗಡಿಯ ಕಂದಕ, ಎಂದೂ ಬರೆದಿದೆ. ಬಯಲು, ಮಜಲು, ಬೆಟ್ಟು ಎಂಬುವು ನಮ್ಮ ಹಿರಿಯರು ನೀರಿನ ಅನುಕೂಲ ನೋಡಿ ಗದ್ದೆಗಳಿಗೆ ಕೊಟ್ಟ ಹೆಸರುಗಳು. ಬಯಲಿನಲ್ಲಿ ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆ ನಂಬಿ ಒಂದು. ಆ ಮಜಲಿಗೆ ನನ್ನ ತಂದೆ ಅಡಿಕೆ ಸಸಿ ನೆಟ್ಟದ್ದು ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ. ನನಗೆ ಬುದ್ಧಿ ಬಂದಂದಿನಿಂದ ಅಲ್ಲಿ ಕಂಡದ್ದು ತೋಟವನ್ನೇ. ಹಾಗಾಗಿ ಆ ಜಾಗ ನಂಜವಾಗಿರಬಹುದೆಂಬ ಸಂಶಯವೂ ಬಾರದೆ, ನಕ್ಷೆಗೆ ಹಣ ಕೊಟ್ಟು, ಅಂಚಿನ ಆರು ಅಡಿಕೆಮರಗಳನ್ನೂ ಕಡಿಸಿ, ಅರ್ಜಿ ಹಾಕಿದ ಮೇಲೆ ‘ರಶೀದಿಯಲ್ಲಿ ನಿಲಂ ಎಂದಿದೆಯಲ್ಲ’ ಎಂಬ ಒಂದು ಸಾಲಿನ ಆಕ್ಷೇಪದೊಂದಿಗೆ ಅದು ಹಿಂದಕ್ಕೆ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆಬಾಗಿಲು ಹಾಕಿದಂತೆ ಅನಂತರ ನಾನು ಕೃಷಿಭವನಕ್ಕೆ ಹೋದೆ.

ಕೃಷಿಭವನಕ್ಕೇ ಏಕೆ ಎಂದರೆ, 2008ರ ಆಗಸ್ಟ್ 12ರಂದು ಜಾರಿಗೆ ಬಂದ ಕೇರಳ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಲ್ಲೂ ಉಳಿದಿರುವ ಗದ್ದೆಗಳ ಸರ್ವೆ ನಂಬರುಗಳನ್ನು ಡೇಟಾ ಬ್ಯಾಂಕ್ ಎಂಬ ಪಟ್ಟಿಯಲ್ಲಿ ಸೇರಿಸಲಾಗಿದೆ, ಮತ್ತು ಆ ಪಟ್ಟಿಯನ್ನು ತಯಾರಿಸುವ ಸ್ಥಳೀಯ ಸಮಿತಿಯ ಸಂಚಾಲಕರು ಕೃಷಿ ಅಧಿಕಾರಿ. ಬಿಟಿಆರ್‌ನಲ್ಲಿ ನಂಜ ಎಂದಿರುವ ಎಲ್ಲ ಜಾಗವೂ ಡೇಟಾ ಬ್ಯಾಂಕಿನಲ್ಲಿ ಇರಬೇಕೆಂದಿಲ್ಲ. ಕಾಯ್ದೆ ಬರುವ ಮುಂಚೆಯೇ ತುಂಬಿಸಿ ತೋಟ ಮಾಡಿದ ಜಾಗ ಅದರಿಂದ ಹೊರಗಿರಬೇಕಾದದ್ದು ನ್ಯಾಯ. ಆದರೆ ಪಟ್ಟಿ ಮಾಡಿದವರ ಅವಸರದಲ್ಲಿ ಒಳಗೆ ಸೇರಿಹೋದ ತೋಟಗಳೂ ಬೇಕಾದಷ್ಟಿವೆ. ಆದ್ದರಿಂದ ನಿಮ್ಮ ಸರ್ವೆ ನಂಬರು ಆ ಪಟ್ಟಿಯಲ್ಲಿ ಇದೆಯೇ ಇಲ್ಲವೇ ಎಂಬುದರ ಮೇಲೆ ದಾರಿ ಕವಲೊಡೆಯುತ್ತದೆ.

ಪಟ್ಟಿಯಲ್ಲಿ ಇಲ್ಲದೆ ಬಿಟಿಆರ್‌ನಲ್ಲಿ ಮಾತ್ರ ನಂಜ ಎಂದಿದ್ದರೆ ಕಂದಾಯ ವಿಭಾಗಾಧಿಕಾರಿಗೆ, ಅಂದರೆ ಆರ್‌ಡಿಒ ಕಚೇರಿಗೆ ಸ್ವರೂಪ ಬದಲಾವಣೆಯ ಅರ್ಜಿ ಹಾಕಬೇಕು. 50 ಸೆಂಟಿನವರೆಗೆ, ಎಂದರೆ 20.23 ಆರ್‌ನವರೆಗೆ, ನಮೂನೆ 6. ಅದಕ್ಕಿಂತ ಹೆಚ್ಚಿದ್ದರೆ ನಮೂನೆ 7. ಜಾಗ 25 ಸೆಂಟಿಗೆ ಮೀರದೆ, 2017ರ ಡಿಸೆಂಬರ್ 30ರಂದು ಪ್ರತ್ಯೇಕ ತುಂಡಾಗಿಯೇ ಇದ್ದಿದ್ದರೆ ಬದಲಾವಣೆಯ ಶುಲ್ಕವಿಲ್ಲ. ಆ ದಿನಾಂಕದ ಬಳಿಕ ದೊಡ್ಡ ಜಾಗವನ್ನು 25 ಸೆಂಟಿನ ತುಂಡುಗಳಾಗಿ ಒಡೆದು ವಿನಾಯಿತಿ ಕೇಳಿದರೆ ಸಿಗುವುದಿಲ್ಲ. 25 ಸೆಂಟು ಮೀರಿ ಒಂದು ಎಕರೆಯವರೆಗೆ ಜಾಗಕ್ಕೆ ಸರಕಾರ ಗೊತ್ತುಪಡಿಸಿದ ನ್ಯಾಯಬೆಲೆಯ ಶೇಕಡಾ 10ರ ದರದಲ್ಲಿ ಶುಲ್ಕ ನಿಗದಿಯಾಗಿದೆ. ಆದೇಶ ಬಂದ ಮೇಲೆ ಕೆಲಸ ಮುಗಿಯಿತೆಂದು ಕುಳಿತುಕೊಳ್ಳಬೇಡಿ. ತಹಶೀಲ್ದಾರರ ಕಚೇರಿಯಲ್ಲಿ ಬಿಟಿಆರ್ ತಿದ್ದುಪಡಿಯಾಗಿ, ಹೊಸ ತೀರ್ವೆ ರಶೀದಿಯಲ್ಲಿ ಜಾಗದ ತರಗತಿ ಬದಲಾಗಿ ಬರುವವರೆಗೂ ಬೆನ್ನುಬೀಳಬೇಕು.

ಸಣ್ಣ ಮನೆಯವರಿಗೆ ಇದರಲ್ಲಿ ಒಂದು ಸಡಿಲಿಕೆಯಿದೆ. ಡೇಟಾ ಬ್ಯಾಂಕಿಗೆ ಸೇರದ ಇಂಥ ಜಾಗದಲ್ಲಿ 10 ಸೆಂಟಿನೊಳಗೆ 120 ಚದರ ಮೀಟರಿನವರೆಗಿನ ವಾಸದ ಮನೆಯನ್ನಾಗಲಿ, 5 ಸೆಂಟಿನೊಳಗೆ 40 ಚದರ ಮೀಟರಿನವರೆಗಿನ ವಾಣಿಜ್ಯ ಕಟ್ಟಡವನ್ನಾಗಲಿ ಕಟ್ಟಲು ಆರ್‌ಡಿಒ ಅವರ ಅನುಮತಿ ಬೇಕಾಗಿಲ್ಲ. ಆದರೆ ದಾಖಲೆಯಲ್ಲಿ ಜಾಗ ನಂಜವಾಗಿಯೇ ಉಳಿಯುತ್ತದೆ. ಮುಂದೆ ಮನೆ ವಿಸ್ತರಿಸುವ ಯೋಚನೆ ಇದ್ದವರು ಈ ಅಡ್ಡದಾರಿ ಹಿಡಿಯದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಡೇಟಾ ಬ್ಯಾಂಕಿನಲ್ಲೇ ಸೇರಿಹೋಗಿದ್ದರೆ ಮೊದಲು ನಮೂನೆ 5ರಲ್ಲಿ, ಪಟ್ಟಿಯಿಂದ ತೆಗೆಯುವಂತೆ ಆರ್‌ಡಿಒ ಅವರಿಗೆ ಅರ್ಜಿ ಸಲ್ಲಿಸಬೇಕು. ಕೃಷಿ ಅಧಿಕಾರಿ ಸ್ಥಳಕ್ಕೆ ಬಂದು ವರದಿ ಕೊಡುತ್ತಾರೆ. ಅನುಮಾನವಿದ್ದಲ್ಲಿ ರಾಜ್ಯ ದೂರಸಂವೇದಿ ಮತ್ತು ಪರಿಸರ ಕೇಂದ್ರದಿಂದ 2008ರ ಸುಮಾರಿನ ಉಪಗ್ರಹ ಚಿತ್ರದ ವರದಿ ತರಿಸುತ್ತಾರೆ. ನನ್ನ ಪ್ರಕರಣದಲ್ಲಿ ಮಾತಿಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಚಿತ್ರವೇ. ಅಡಿಕೆಮರದ ಪ್ರಾಯವನ್ನು ಗಣ್ಣು ಎಣಿಸಿ ವಾದಿಸಬಹುದು, ಆದರೆ ಕಚೇರಿಗೆ ಬೇಕಾಗುವುದು ಕಾಗದ. ಪಟ್ಟಿಯಿಂದ ತೆಗೆದ ಆದೇಶ ಬಂದ ಮೇಲೆ ನಮೂನೆ 6 ಪ್ರತ್ಯೇಕವಾಗಿ ಸಲ್ಲಬೇಕು. 5 ಸಲ್ಲಿಸಿದರೆ 6 ತಾನಾಗಿ ಬರುತ್ತದೆಂದು ನಂಬಿ ತಿಂಗಳುಗಟ್ಟಲೆ ಕಾದವರಲ್ಲಿ ನಾನೂ ಒಬ್ಬ.

ನಿಜವಾಗಿ ಗದ್ದೆಯೇ ಆಗಿ, ಬೇರೆ ಜಾಗವೇ ಇಲ್ಲದ ಕುಟುಂಬಕ್ಕೂ ಕಾಯ್ದೆ ಒಂದು ದಾರಿ ಬಿಟ್ಟಿದೆ. ಪಂಚಾಯತಿನಲ್ಲಿ 10 ಸೆಂಟು, ನಗರಸಭೆಯಲ್ಲಿ 5 ಸೆಂಟಿನ ಮಿತಿಯಲ್ಲಿ ಸ್ವಂತ ವಾಸದ ಮನೆಗಾಗಿ ಸ್ಥಳೀಯ ಸಮಿತಿಯ ಶಿಫಾರಸಿನ ಮೇಲೆ ಜಿಲ್ಲಾ ಮಟ್ಟದ ಸಮಿತಿ ಅನುಮತಿ ನೀಡಬಹುದು. ಸುತ್ತಲಿನ ಗದ್ದೆಗಳಿಗೆ ನೀರು ಹರಿಯುವುದಕ್ಕೆ ಅಡ್ಡಿಯಾಗಬಾರದು.

ಎರಡನೆಯ ಹೆಜ್ಜೆ: ಜಾಗದ ಸುತ್ತ ಏನಿದೆ

ವಲಯ ಎಂದರೆ ನಗರದವರ ವಿಷಯ, ನಮಗೇನು ಎಂದು ಹಳ್ಳಿಯವರು ಅಂದುಕೊಳ್ಳುವುದಿದೆ. 2016ರ ಕೇರಳ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯಡಿ ಮಾಸ್ಟರ್ ಪ್ಲಾನ್ ಮಂಜೂರಾದ ಪ್ರದೇಶದಲ್ಲಿ ಪ್ರತಿ ಜಾಗವೂ ವಾಸ, ವ್ಯಾಪಾರ, ಕೈಗಾರಿಕೆ, ಸಾರ್ವಜನಿಕ ಉಪಯೋಗ, ಕೃಷಿ ಎಂದು ಒಂದಲ್ಲ ಒಂದು ವಲಯಕ್ಕೆ ಸೇರುತ್ತದೆ. ಪ್ರತಿ ವಲಯಕ್ಕೂ ಎರಡು ಪಟ್ಟಿಗಳಿರುತ್ತವೆ: ನೇರವಾಗಿ ಅನುಮತಿಸಬಹುದಾದ ಉಪಯೋಗಗಳು, ಮತ್ತು ಮೇಲಿನ ಅಧಿಕಾರಿಯ ಒಪ್ಪಿಗೆಯಿಂದ ಮಾತ್ರ ಅನುಮತಿಸಬಹುದಾದವು. ವಾಸದ ವಲಯದಲ್ಲಿ ಸಣ್ಣ ಅಂಗಡಿಗೆ ಅವಕಾಶವಿದ್ದರೂ ಮರದ ಮಿಲ್ಲಿಗೆ ಇರಲಿಕ್ಕಿಲ್ಲ. ಇದಕ್ಕಿಂತಲೂ ಮುಖ್ಯವಾಗಿ, ಮುಂದೆ ಅಗಲಗೊಳಿಸಲಿರುವ ರಸ್ತೆಗಳನ್ನು ಪ್ಲಾನಿನಲ್ಲಿ ಗೆರೆ ಎಳೆದು ತೋರಿಸಿರುತ್ತಾರೆ. ಆ ಗೆರೆಯೊಳಗೆ ಬಿದ್ದ ಭಾಗವನ್ನು ಬಿಟ್ಟೇ ಅಳತೆ ಆರಂಭಿಸಬೇಕಾಗುತ್ತದೆ. ನಗರಸಭೆಯ ಎಂಜಿನಿಯರಿಂಗ್ ವಿಭಾಗದಲ್ಲೂ ಜಿಲ್ಲಾ ಟೌನ್ ಪ್ಲಾನರ ಕಚೇರಿಯಲ್ಲೂ ಇದನ್ನು ಕೇಳಿ ನೋಡಬಹುದು. ಸ್ಥಳೀಯ ಸಂಸ್ಥೆಗಳ ಆನ್‌ಲೈನ್ ಸೇವೆಗಳಿಗಾಗಿ ಇರುವ ಕೆ-ಸ್ಮಾರ್ಟ್ ಪೋರ್ಟಲಿನಲ್ಲಿ ‘ನೋ ಯುವರ್ ಲ್ಯಾಂಡ್’ ಎಂಬ ಸೌಲಭ್ಯವಿದ್ದು, ಜಾಗವನ್ನು ಗುರುತಿಸಿದರೆ ಅದರ ಮೇಲಿರುವ ನಿರ್ಬಂಧಗಳನ್ನು ತಿಳಿಯಬಹುದು.

ಮಾಸ್ಟರ್ ಪ್ಲಾನ್ ಇಲ್ಲದ ಪಂಚಾಯತುಗಳಲ್ಲೂ ಬೇರೆ ಗೆರೆಗಳು ಇದ್ದೇ ಇವೆ. ಮಂಜೇಶ್ವರದಿಂದ ವಲಿಯಪರಂಬದವರೆಗಿನ ಕರಾವಳಿಗೆ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅನ್ವಯಿಸುತ್ತದೆ. ಅದಕ್ಕೆ ತಕ್ಕಂತೆ ತಯಾರಿಸಿದ ಕೇರಳದ ಕರಾವಳಿ ನಕ್ಷೆಗೆ ಕೇಂದ್ರದ ಒಪ್ಪಿಗೆ ದೊರೆತದ್ದು 2024ರ ಅಕ್ಟೋಬರಿನಲ್ಲಿ. ಗ್ರಾಮೀಣ ಕರಾವಳಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಪ್ರದೇಶವಾದರೆ ಭರತರೇಖೆಯಿಂದ (ಉಬ್ಬರದ ನೀರು ಏರುವ ಮೇಲಿನ ಗೆರೆಯಿಂದ) 50 ಮೀಟರ್, ಅಷ್ಟು ದಟ್ಟವಲ್ಲದಿದ್ದರೆ 200 ಮೀಟರ್ ನಿರ್ಮಾಣ ನಿಷಿದ್ಧ ವಲಯ. ಕಡಲಿನ ಉಬ್ಬರ ಏರಿಬರುವ ಹೊಳೆ, ಅಳಿವೆ, ಹಿನ್ನೀರುಗಳ ದಡದಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಕಡಿಮೆಯಾದದ್ದು ಲೆಕ್ಕ. ಚಂದ್ರಗಿರಿ, ಮೊಗ್ರಾಲು, ಶಿರಿಯ ಹೊಳೆಗಳ ಬದಿಯವರು ‘ನಾವು ಕಡಲಿನಿಂದ ದೂರ’ ಎಂದು ಭಾವಿಸುವುದು ಇಲ್ಲಿ ಕೈಕೊಡುತ್ತದೆ.

ರೈಲ್ವೆ ಗಡಿಯಿಂದ 30 ಮೀಟರಿನೊಳಗಿದ್ದರೆ ರೈಲ್ವೆಯ ನಿರಾಕ್ಷೇಪಣೆ ಬೇಕು. ನಮ್ಮ ಜಿಲ್ಲೆಯ ಉದ್ದಕ್ಕೂ ಹಳಿ ಊರುಮನೆಗಳ ನಡುವೆಯೇ ಸಾಗುವುದರಿಂದ ಇದು ಬಹಳ ಮಂದಿಗೆ ಸಂಬಂಧಿಸಿದ್ದು. ಬೇಕಲ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವುದರಿಂದ ಅದರ ಗಡಿಯಿಂದ 100 ಮೀಟರ್ ನಿಷೇಧಿತ, ಅಲ್ಲಿಂದಾಚೆ 200 ಮೀಟರ್ ನಿಯಂತ್ರಿತ. ಷಟ್ಪಥವಾಗಿ ಅಗಲಗೊಂಡ ರಾಷ್ಟ್ರೀಯ ಹೆದ್ದಾರಿ 66ರ ಬದಿಯವರು ಅಳೆಯಬೇಕಾದದ್ದು ಡಾಮರಿನ ಅಂಚಿನಿಂದಲ್ಲ, ಸ್ವಾಧೀನದ ಗಡಿಕಲ್ಲಿನಿಂದ. ಹೆದ್ದಾರಿಗೆ ಹೋದ ಭಾಗ ಕಳೆದು ಉಳಿದ ವಿಸ್ತೀರ್ಣವೇ ತೀರ್ವೆ ರಶೀದಿಯಲ್ಲಿ ಬಂದಿದೆಯೇ ಎಂದೂ ನೋಡಿಕೊಳ್ಳಬೇಕು.

ಮೂರನೆಯ ಹೆಜ್ಜೆ: ಗಡಿ ಮತ್ತು ನಕ್ಷೆ

ಈಗ ಎಂಜಿನಿಯರರ ಸರದಿ. ನಕ್ಷೆಗೆ ಸಹಿ ಹಾಕುವವರು ಸರಕಾರದಲ್ಲಿ ನೋಂದಾಯಿತರಾದ ಆರ್ಕಿಟೆಕ್ಟ್, ಎಂಜಿನಿಯರ್ ಅಥವಾ ಸೂಪರ್‌ವೈಸರ್ ಆಗಿರಬೇಕು. ನೋಂದಣಿ ಸಂಖ್ಯೆಯನ್ನು ಕೇಳುವುದಕ್ಕೆ ಸಂಕೋಚ ಬೇಡ. ಅವರನ್ನು ಜಾಗಕ್ಕೆ ಕರೆದೊಯ್ದು ಗಡಿ ತೋರಿಸುವ ಮೊದಲು ಗಡಿ ಎಲ್ಲಿದೆ ಎಂಬುದು ನಿಮಗೂ ನೆರೆಯವರಿಗೂ ಒಪ್ಪಿಗೆಯಾಗಿರಬೇಕು. ಅಗಳೇ ಗಡಿಯಾದಲ್ಲಿ ಅಗಳಿನ ನಡುವೆಯೋ, ಆಚೆ ದಂಡೆಯೋ, ಈಚೆ ದಂಡೆಯೋ ಎಂಬ ಹಳೆಯ ತಕರಾರು ಮೂರಡಿಯ ವ್ಯತ್ಯಾಸ ತರಬಲ್ಲದು, ಮತ್ತು ಆ ಮೂರಡಿಯಲ್ಲೇ ಪರ್ಮಿಟ್ ಉಳಿಯುವುದೋ ಹೋಗುವುದೋ ನಿಂತಿರುತ್ತದೆ. 2022ರ ನವೆಂಬರಿನಿಂದ ನಡೆಯುತ್ತಿರುವ ಡಿಜಿಟಲ್ ಸರ್ವೆ ಮುಗಿದ ಗ್ರಾಮಗಳಲ್ಲಿ ಗಡಿಯ ನಕ್ಷೆಯೂ ಆನ್‌ಲೈನಿನಲ್ಲೇ ಸಿಗುತ್ತದೆ. ನೋಂದಣಿ, ಕಂದಾಯ, ಸರ್ವೆ ಮೂರನ್ನೂ ಒಟ್ಟುಗೂಡಿಸುವ ‘ಎಂಡೆ ಭೂಮಿ’ ಪೋರ್ಟಲ್ 2024ರ ಅಕ್ಟೋಬರಿನಲ್ಲಿ ರಾಜ್ಯದಲ್ಲೇ ಮೊದಲು ಆರಂಭವಾದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮದಲ್ಲಿ.

ನಕ್ಷೆಯಲ್ಲಿ ನೀವೇ ಟೇಪು ಹಿಡಿದು ಪರಿಶೀಲಿಸಬಹುದಾದ ಕೆಲವು ಅಳತೆಗಳಿವೆ. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ ಮತ್ತು ಪಂಚಾಯತು ಅಧಿಸೂಚಿಸಿದ ರಸ್ತೆಗಳ ಗಡಿಯಿಂದ 3 ಮೀಟರಿನೊಳಗೆ ಕಟ್ಟಡ ಬರಬಾರದು ಎಂಬುದು ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇರುವ ನಿಷೇಧ. ಇದರಿಂದ ಸೆಕ್ರೆಟರಿ ತಮ್ಮ ಇಚ್ಛೆಯಿಂದ ರಿಯಾಯಿತಿ ಕೊಡಲಾರರು. ಹಿಂಬದಿ, ಎಡಬದಿ, ಬಲಬದಿಗಳಲ್ಲಿ ಬಿಡಬೇಕಾದ ಜಾಗ ಕಟ್ಟಡದ ಎತ್ತರ ಮತ್ತು ಉಪಯೋಗಕ್ಕೆ ತಕ್ಕಂತೆ ಏರುತ್ತದೆ. ಯಾವುದಾದರೂ ಬದಿಯಲ್ಲಿ ಒಂದು ಮೀಟರಿಗಿಂತ ಕಡಿಮೆ ಬಿಡಲು ನಿಯಮ ಅವಕಾಶ ಕೊಟ್ಟಾಗಲೂ ಆ ಬದಿಯ ಗೋಡೆಯಲ್ಲಿ ಬಾಗಿಲು, ಕಿಟಿಕಿ ಇಡುವಂತಿಲ್ಲ. ಎತ್ತರದಲ್ಲಿ ಗಾಳಿಗಂಡಿ ಮಾತ್ರ. ಮೂರು ಸೆಂಟಿನಷ್ಟು, ಅಂದರೆ 125 ಚದರ ಮೀಟರಿಗೆ ಮೀರದ ಸಣ್ಣ ಸೈಟುಗಳಿಗೆ ಪ್ರತ್ಯೇಕವಾದ, ಸಡಿಲವಾದ ಅಳತೆಗಳಿವೆ.

ಕಕ್ಕಸುಗುಂಡಿಯ ಸ್ಥಾನವನ್ನು ಕೊನೆಗೆ ಉಳಿದ ಮೂಲೆಯಲ್ಲಿ ತೋರಿಸುವುದು ನಮ್ಮಲ್ಲಿ ರೂಢಿ. ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 7.5 ಮೀಟರ್, ಜಾಗದ ಗಡಿಯಿಂದ 1.2 ಮೀಟರ್ ದೂರವಿರಬೇಕು. ಬಾವಿ ನಿಮ್ಮದಲ್ಲ, ನೆರೆಯವರದು ಎಂಬುದು ಸಮಾಧಾನವಲ್ಲ. ನಮ್ಮ ಮುರಕಲ್ಲಿನ ನೆಲದಲ್ಲಿ ಬಿರುಕುಗಳ ಮೂಲಕ ನೀರು ಸಲೀಸಾಗಿ ಹರಿಯುವುದರಿಂದ, ಜಾಗವಿದ್ದವರು ನಿಯಮದ ಏಳೂವರೆ ಮೀಟರಿಗೆ ತೃಪ್ತರಾಗದೆ ಅದರ ದುಪ್ಪಟ್ಟು ಬಿಡುವುದು ಲೇಸು.

ಇನ್ನೊಂದು ಮಾತು. ರಸ್ತೆಬದಿಯವರು ಮನೆಯ ಮುಂಭಾಗದಲ್ಲಿ ‘ಇರಲಿ’ ಎಂದು ಒಂದು ಅಂಗಡಿ ಕೋಣೆ ಸೇರಿಸುತ್ತಾರೆ. ನಿಯಮಗಳು ಕಟ್ಟಡಗಳನ್ನು ಉಪಯೋಗಕ್ಕೆ ತಕ್ಕಂತೆ ಗುಂಪು ಮಾಡಿವೆ: ವಾಸದ ಮನೆ ಎ1, ವಸತಿಗೃಹ ಎ2, ಕಚೇರಿ ಇ, ವ್ಯಾಪಾರ ಎಫ್, ಹೀಗೆ. ಗುಂಪು ಬದಲಾದರೆ ಬಿಡಬೇಕಾದ ಜಾಗ, ವಾಹನ ನಿಲುಗಡೆ, ಶುಲ್ಕ ಎಲ್ಲವೂ ಬದಲಾಗುತ್ತವೆ. ಕೋಣೆಯನ್ನು ‘ಸಿಟೌಟ್’ ಎಂದು ತೋರಿಸಿ ಬಳಿಕ ಶಟರ್ ಹಾಕಿದವರಿಗೆ ವ್ಯಾಪಾರ ಲೈಸೆನ್ಸ್ ಕೇಳಿದಾಗ ಗುಟ್ಟು ಬಯಲಾಗುತ್ತದೆ.

ನಾಲ್ಕನೆಯ ಹೆಜ್ಜೆ: ಅರ್ಜಿ

ಕೆ-ಸ್ಮಾರ್ಟ್ 2024ರ ಜನವರಿ 1ರಿಂದ ನಗರಸಭೆಗಳಲ್ಲೂ 2025ರ ಏಪ್ರಿಲಿನಿಂದ ಗ್ರಾಮ ಪಂಚಾಯತುಗಳಲ್ಲೂ ಜಾರಿಯಲ್ಲಿದೆ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿಯಿಂದ ನಿಮ್ಮ ಖಾತೆ ತೆರೆದರೆ ಎಂಜಿನಿಯರರು ತಮ್ಮ ಖಾತೆಯ ಮೂಲಕ ನಕ್ಷೆಯನ್ನು ಸೇರಿಸುತ್ತಾರೆ. ಜೊತೆಗೆ ಆಧಾರದ ಪ್ರತಿ, ತೀರ್ವೆ ರಶೀದಿ, ವಿಲೇಜ್ ಆಫೀಸಿನ ಕೈವಶ ಪ್ರಮಾಣಪತ್ರ, ಅಗತ್ಯವಿದ್ದಲ್ಲಿ ಆರ್‌ಡಿಒ ಆದೇಶ ಮತ್ತು ನಿರಾಕ್ಷೇಪಣೆಗಳು. ಖಾತೆಯಲ್ಲಿ ಎಂಜಿನಿಯರರ ಮೊಬೈಲ್ ನಂಬರಿನ ಬದಲು ನಿಮ್ಮದನ್ನೇ ಕೊಡಿ; ಆಕ್ಷೇಪ ಬಂದದ್ದು ನಿಮಗೆ ಗೊತ್ತಾಗಬೇಕಾದದ್ದು ಮೂರನೆಯವರಿಂದಲ್ಲ.

300 ಚದರ ಮೀಟರಿನವರೆಗಿನ ಸಾಮಾನ್ಯ ಎರಡಂತಸ್ತಿನ ಮನೆಗಳನ್ನು ಕಡಿಮೆ ಅಪಾಯದ ಕಟ್ಟಡಗಳೆಂದು ಪರಿಗಣಿಸಿ, ಮಾಲಿಕರೂ ಎಂಜಿನಿಯರರೂ ಕೊಡುವ ಸ್ವಯಂ ದೃಢೀಕರಣದ ಮೇಲೆ ಕೂಡಲೇ ಪರ್ಮಿಟ್ ಕೊಡುವ ವ್ಯವಸ್ಥೆ ಇದೆ. ಇದು ಅನುಕೂಲವೂ ಹೌದು, ಹೊಣೆಯೂ ಹೌದು. ಕೆಲವೇ ನಿಮಿಷಗಳಲ್ಲಿ ಬಂದ ಪರ್ಮಿಟ್ಟಿನ ಅರ್ಥ ನಿಮ್ಮ ನಕ್ಷೆಯನ್ನು ಯಾರೋ ಪರೀಕ್ಷಿಸಿ ಒಪ್ಪಿದರು ಎಂದಲ್ಲ, ನೀವು ಹೇಳಿದ್ದನ್ನು ನಂಬಿದರು ಎಂದು. ನಂಜವನ್ನು ಹಿತ್ತಿಲೆಂದು ಬರೆದಿದ್ದರೆ ಆ ಪರ್ಮಿಟ್ ಗೋಡೆ ಎದ್ದ ಮೇಲೂ ರದ್ದಾಗಬಹುದು.

2023ರ ಏಪ್ರಿಲಿನಲ್ಲಿ ಒಮ್ಮೆಲೇ ಏರಿಸಿದ್ದ ಶುಲ್ಕವನ್ನು 2024ರ ಆಗಸ್ಟ್ 1ರಿಂದ ಇಳಿಸಲಾಗಿದೆ. 80 ಚದರ ಮೀಟರಿನವರೆಗಿನ ಮನೆಗೆ ಪರ್ಮಿಟ್ ಶುಲ್ಕವಿಲ್ಲ. 81ರಿಂದ 150ರವರೆಗೆ ಚದರ ಮೀಟರಿಗೆ ಪಂಚಾಯತಿನಲ್ಲಿ 25 ರೂಪಾಯಿ, ನಗರಸಭೆಯಲ್ಲಿ 35 ರೂಪಾಯಿ; 151ರಿಂದ 300ರವರೆಗೆ ಕ್ರಮವಾಗಿ 50 ಮತ್ತು 60. ಹಾಗಾಗಿ 140 ಚದರ ಮೀಟರಿನ, ಸುಮಾರು 1500 ಚದರ ಅಡಿಯ ಮನೆಗೆ ಪಂಚಾಯತಿನಲ್ಲಿ 3500 ರೂಪಾಯಿ, ನಗರಸಭೆಯಲ್ಲಿ 4900 ರೂಪಾಯಿ. ಅರ್ಜಿ ಶುಲ್ಕ ಬೇರೆ. ನಕ್ಷೆ 152 ಚದರ ಮೀಟರ್ ಆಗುತ್ತಿದ್ದರೆ ಎರಡು ಚದರ ಮೀಟರ್ ಕಡಿಮೆ ಮಾಡಲು ಎಂಜಿನಿಯರರಿಗೆ ಹೇಳಿ ನೋಡಿ.

ಕನ್ನಡದ ಬಗ್ಗೆ ಇಲ್ಲೇ ಹೇಳಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಅಲ್ಲಿನ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ಹಕ್ಕನ್ನು ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ; ಆದರೆ ಹಳೆಯ ಕನ್ನಡ ಆಧಾರವನ್ನು ಹಾಗೆಯೇ ಸ್ಕ್ಯಾನ್ ಮಾಡಿ ಹಾಕಿದರೆ, ಮೋಡಿ ಅಕ್ಷರದ ಅದನ್ನು ಓದಬಲ್ಲವರು ಕಚೇರಿಯಲ್ಲಿ ಇಲ್ಲದೆ ಹೋದಾಗ ಕಡತ ಮೇಜಿನ ಮೇಲೆಯೇ ಉಳಿಯುತ್ತದೆ. ಸರ್ವೆ ನಂಬರು, ವಿಸ್ತೀರ್ಣ, ನಾಲ್ಕು ದಿಕ್ಕಿನ ಗಡಿ ಇಷ್ಟನ್ನು ಮಲಯಾಳಂನಲ್ಲಿ ಒಂದು ಹಾಳೆಯಲ್ಲಿ ಬರೆಯಿಸಿ ಜೊತೆಗಿಡುವುದರಿಂದ ನಷ್ಟವಿಲ್ಲ.

ಕೆಲಸ ನಡೆಯುವಾಗ

ಪರ್ಮಿಟ್ಟಿಗೆ ಐದು ವರ್ಷಗಳ ಆಯುಸ್ಸು; ಮುಗಿಯುವ ಮೊದಲೇ ಅರ್ಜಿ ಹಾಕಿದರೆ ವಿಸ್ತರಣೆ ಸಿಗುತ್ತದೆ. ಗುಡ್ಡ ತರಿದು ಮನೆಗೆ ಜಾಗ ಸಮತಟ್ಟು ಮಾಡುವವರು ಆ ಮಣ್ಣನ್ನು ಹೊರಗೆ ಸಾಗಿಸಬೇಕಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪಾಸು ಬೇಕು. ಪರ್ಮಿಟ್ ಇದೆ ಎಂದು ಟಿಪ್ಪರಿನಲ್ಲಿ ಮಣ್ಣು ಕಳಿಸಿದರೆ ಟಿಪ್ಪರು ಠಾಣೆಯ ಅಂಗಳದಲ್ಲಿ ನಿಂತಿರುತ್ತದೆ.

ಮೇಸ್ತ್ರಿಯ ಸಲಹೆಗಳು ಬರುವುದು ಈ ಹಂತದಲ್ಲಿ. ‘ಅಣ್ಣಾ, ಅಡಿಗೆಕೋಣೆಯನ್ನು ಇನ್ನು ಎರಡಡಿ ಹಿಂದೆ ತಳ್ಳುವ, ಯಾರು ಕೇಳುತ್ತಾರೆ’ ಎಂದು ನಮ್ಮ ಮೇಸ್ತ್ರಿ ಪಾಯದ ಹಗ್ಗ ಕಟ್ಟುವಾಗಲೇ ಹೇಳಿದ್ದ. ಆ ಎರಡಡಿಯಿಂದ ಹಿಂಬದಿಯಲ್ಲಿ ಬಿಡಬೇಕಾದ ಅಳತೆ ತಪ್ಪುತ್ತಿತ್ತು. ಒಳಗಿನ ಗೋಡೆ ಸರಿಸುವುದು ಒಂದು ಮಾತು. ಹೊರಗೋಡೆ ಸರಿಯುವುದು, ಎತ್ತರ ಹೆಚ್ಚುವುದು, ವಿಸ್ತೀರ್ಣ ಬೆಳೆಯುವುದು ಬೇರೆಯೇ ಮಾತು. ಅಂಥ ಬದಲಾವಣೆ ಬೇಕೆಂದರೆ ಕಲ್ಲು ಇಡುವ ಮೊದಲು ಪರಿಷ್ಕೃತ ನಕ್ಷೆಗೆ ಅನುಮತಿ ಪಡೆಯಬೇಕು.

ತಿರಸ್ಕಾರವಾದರೆ, ಅಥವಾ ಮೊದಲೇ ಕಟ್ಟಿದ್ದರೆ

ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು, ಯಾವ ನಿಯಮದ ಉಲ್ಲಂಘನೆ ಎಂದು ಹೇಳಬೇಕು. ಬಾಯಿಮಾತಿನಲ್ಲಿ ‘ಆಗುವುದಿಲ್ಲ’ ಎಂದದ್ದನ್ನು ಉತ್ತರವೆಂದು ಒಪ್ಪಿಕೊಂಡು ಮನೆಗೆ ಮರಳಬೇಡಿ. ನಿಗದಿತ ಅವಧಿಯೊಳಗೆ ಯಾವ ತೀರ್ಮಾನವೂ ಬಾರದಿದ್ದರೆ ವಿಷಯವನ್ನು ಪಂಚಾಯತು ಆಡಳಿತ ಸಮಿತಿ ಅಥವಾ ನಗರಸಭಾ ಕೌನ್ಸಿಲಿನ ಮುಂದೆ ಲಿಖಿತವಾಗಿ ಇಡಬಹುದು. ಆದೇಶದ ವಿರುದ್ಧ ಹೋಗಬೇಕಾದದ್ದು ತಿರುವನಂತಪುರದಲ್ಲಿರುವ ಸ್ಥಳೀಯ ಸ್ವಯಂಆಡಳಿತ ಸಂಸ್ಥೆಗಳ ಟ್ರಿಬ್ಯೂನಲಿಗೆ. ಆದೇಶ ಕೈಸೇರಿದ ದಿನಾಂಕವನ್ನು ಬರೆದಿಟ್ಟುಕೊಳ್ಳಿ, ಮೇಲ್ಮನವಿಯ ಗಡುವು ಅಂದಿನಿಂದಲೇ ಓಡತೊಡಗುತ್ತದೆ. ರಾಜ್ಯದ ಇನ್ನೊಂದು ತುದಿಯಲ್ಲಿರುವ ಊರಿಗೆ ಹೋಗುವ ಮೊದಲು ಆಕ್ಷೇಪವನ್ನು ಸರಿಪಡಿಸಿ ಪುನಃ ಅರ್ಜಿ ಹಾಕಲು ಸಾಧ್ಯವೇ ಎಂದು ನೋಡುವುದು ಬುದ್ಧಿವಂತಿಕೆ.

ಪರ್ಮಿಟ್ ಇಲ್ಲದೆ ಅಥವಾ ಪರ್ಮಿಟ್ ಮೀರಿ ಕಟ್ಟಿದ ಮನೆಗೆ ಯುಎ (ಅನಧಿಕೃತ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂಬ ಅಕ್ಷರ ಸೇರಿಸಿದ ತಾತ್ಕಾಲಿಕ ಸಂಖ್ಯೆ ಬೀಳುತ್ತದೆ, ತೆರಿಗೆ ಹೆಚ್ಚುತ್ತದೆ. ಅದು ಮನೆಯನ್ನು ಸಕ್ರಮಗೊಳಿಸಿದ್ದರ ಗುರುತಲ್ಲ. 2019ರ ನವೆಂಬರ್ 7 ಅಥವಾ ಅದಕ್ಕೂ ಮೊದಲು ಕಟ್ಟಿದ ಕಟ್ಟಡಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮಗೊಳಿಸುವುದಕ್ಕೆ 2024ರಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ಆದರೆ ಡೇಟಾ ಬ್ಯಾಂಕಿನ ಗದ್ದೆ, ಕರಾವಳಿ ನಿಷಿದ್ಧ ವಲಯದಂಥ ಕಡೆ ಬೇರೆ ಕಾಯ್ದೆಗಳ ಅಡ್ಡಿ ಹಾಗೆಯೇ ಉಳಿಯುತ್ತದೆ.

ಕೊನೆಯ ಹೆಜ್ಜೆ: ಸಂಖ್ಯೆ ಮತ್ತು ತೆರಿಗೆಗಳು

ಕೆಲಸ ಮುಗಿದ ಮೇಲೆ ಮಾಲಿಕರೂ ಎಂಜಿನಿಯರರೂ ಸಹಿ ಮಾಡಿದ ಪೂರ್ತೀಕರಣ ಪತ್ರವನ್ನು ಕೆ-ಸ್ಮಾರ್ಟಿನಲ್ಲೇ ಸಲ್ಲಿಸಬೇಕು. ಅದರ ಮೇಲೆ ವಾಸಯೋಗ್ಯತಾ ಪ್ರಮಾಣಪತ್ರವೂ ಕಟ್ಟಡ ಸಂಖ್ಯೆಯೂ ಬರುತ್ತವೆ. ಗೃಹಪ್ರವೇಶದ ಮುಹೂರ್ತ ಹತ್ತಿರವಾಯಿತೆಂದು ಬಚ್ಚಲಿನ ಕೆಲಸ ಬಾಕಿ ಇರುವಾಗಲೇ ಅರ್ಜಿ ಹಾಕುವವರಿದ್ದಾರೆ. ಸ್ಥಳ ತನಿಖೆಗೆ ಬಂದವರು ಬರೆದುಕೊಂಡು ಹೋದರೆ ಮತ್ತೆ ಮೊದಲಿನಿಂದ ಓಡಾಟ.

ಇಲ್ಲಿ ಜನ ಗೊಂದಲಕ್ಕೀಡಾಗುವುದು ತೆರಿಗೆಗಳ ವಿಷಯದಲ್ಲಿ. ಪಂಚಾಯತು ಅಥವಾ ನಗರಸಭೆಗೆ ಕಟ್ಟುವ ಕಟ್ಟಡ ತೆರಿಗೆ ಪ್ರತಿ ವರ್ಷದ್ದು. ಕಂದಾಯ ಇಲಾಖೆಗೆ ಕಟ್ಟುವುದು 1975ರ ಕೇರಳ ಕಟ್ಟಡ ತೆರಿಗೆ ಕಾಯ್ದೆಯಡಿಯ ಒಂದೇ ಸಲದ ತೆರಿಗೆ. 100 ಚದರ ಮೀಟರ್ ಮೀರಿದ ಮನೆಗಳಿಗೆ ವಿಸ್ತೀರ್ಣ ನೋಡಿ ತಹಶೀಲ್ದಾರರು ನಿಗದಿಪಡಿಸುತ್ತಾರೆ. ಮನೆ 278.7 ಚದರ ಮೀಟರ್, ಅಂದರೆ 3000 ಚದರ ಅಡಿ ಮೀರಿದರೆ ಅದರ ಮೇಲೆ ವರ್ಷಂಪ್ರತಿ ವಿಲಾಸ ತೆರಿಗೆಯೂ ಇದೆ. ನಿರ್ಮಾಣ ವೆಚ್ಚ ನಿಗದಿತ ಮಿತಿಯನ್ನು ಮೀರಿದ್ದರೆ ಶೇಕಡಾ 1ರಷ್ಟು ಕಟ್ಟಡ ಕಾರ್ಮಿಕರ ಕ್ಷೇಮನಿಧಿ ಸೆಸ್ ಕೂಡ ಕಟ್ಟಬೇಕಾಗುತ್ತದೆ. ಮೂರು ಬೇರೆ ಬೇರೆ ನೋಟೀಸುಗಳು ಬೇರೆ ಬೇರೆ ತಿಂಗಳಲ್ಲಿ ಬಂದಾಗ ಒಂದೇ ತೆರಿಗೆಯನ್ನು ಮೂರು ಸಲ ಕೇಳುತ್ತಿದ್ದಾರೆಂದು ಜಗಳಕ್ಕೆ ಹೋಗಬೇಡಿ. ಪ್ರತಿಯೊಂದರ ರಶೀದಿಯನ್ನೂ ಪರ್ಮಿಟ್, ಮಂಜೂರಾದ ನಕ್ಷೆ, ಆರ್‌ಡಿಒ ಆದೇಶಗಳ ಜೊತೆಗೆ ಒಂದೇ ಕಡತದಲ್ಲಿಡಿ. ಮನೆ ಸಾಲದ ಕೊನೆಯ ಕಂತಿಗೂ, ಮುಂದೆ ಮಕ್ಕಳು ಮೇಲೊಂದು ಅಂತಸ್ತು ಎಬ್ಬಿಸುವಾಗಲೂ ಆ ಕಡತವನ್ನೇ ಕೇಳುತ್ತಾರೆ. ಕಟ್ಟಡ ಸಂಖ್ಯೆ ಬಂದ ವಾರವೇ ವಿದ್ಯುತ್ ಕಚೇರಿಗೆ ಅದರ ಪ್ರತಿ ಕೊಟ್ಟು, ನಿರ್ಮಾಣ ಕಾಲದ ಸಂಪರ್ಕವನ್ನು ಮನೆ ಬಳಕೆಯ ದರಕ್ಕೆ ಬದಲಾಯಿಸಿಕೊಳ್ಳಿ. ಅಲ್ಲಿಯವರೆಗೆ ಬರುವ ಪ್ರತಿ ಬಿಲ್ಲೂ ನಿರ್ಮಾಣದ ದರದಲ್ಲೇ ಬರುತ್ತಿರುತ್ತದೆ.